ಅಮ್ಮನ ದನಿಯಲ್ಲಿ ಚಿಕ್ಕಮ್ಮ

ನನಗೆ ಏಳು ತಿಂಗಳಾಗಿತ್ತು. ಹಿಂದೆ ಎರಡು ಸಲ ಗರ್ಭ ನಿಲ್ಲದೆ ಹೋಗಿದ್ದರಿಂದ ಮಂಚ ಬಿಟ್ಟು ಇಳಿಯಬಾರದೆಂದು ಡಾಕ್ಟರು ಹೇಳಿದ್ದರು. ಕಾರ್ಕಳದ ಗಂಡನ ಮನೆಯಲ್ಲಿ ಮಲಗಿಯೇ ಇದ್ದ ನನಗೆ ದಿನದ ಆಸರೆಯೆಂದರೆ ಸಂಜೆ ನಾಲ್ಕಕ್ಕೆ ಕಾಪುವಿನಿಂದ ಬರುತ್ತಿದ್ದ ಅಮ್ಮನ ಫೋನು. ಅದು ಬಟನ್ ಒತ್ತುವ ಹಳೆಯ ಫೋನು, ಮುಖ ಕಾಣಿಸುವುದಿಲ್ಲ.

ಒಂದು ವಾರದಿಂದ ಅಮ್ಮನ ಮಾತು ಚುಟುಕಾಗಿತ್ತು. ಕೇಳಿದರೆ ಶೀತ ಎನ್ನುತ್ತಿದ್ದಳು. ಬಂದುಹೋಗು ಎಂದರೆ ಮಂಡಿನೋವಂತೆ. ಆ ದಿನಗಳಲ್ಲೇ ಒಂದು ಸಂಜೆ, ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ. ಈ ಮಗುವಿನ ಮೇಲೆ ನನಗೆ ಪ್ರೀತಿಯೇ ಹುಟ್ಟುತ್ತಿಲ್ಲ, ಇದೂ ಉಳಿಯದಿದ್ದರೆ ಒಳ್ಳೆಯದು, ಮತ್ತೆ ಯಾರೂ ನನ್ನಲ್ಲಿ ಮಗು ಬೇಕೆಂದು ಕೇಳಲಾರರು ಎಂದು ಒಮ್ಮೊಮ್ಮೆ ಅನಿಸುತ್ತದೆ ಎಂದೆ.

"ಹಾಗೆಲ್ಲ ಅನಿಸುವುದುಂಟು ಮಗಾ. ಮನಸ್ಸಿಗೆ ಹಚ್ಚಿಕೊಳ್ಳಬೇಡ."

ಅಷ್ಟಕ್ಕೇ ಎದೆ ಹಗುರವಾಯಿತು.

ಮುಂದಿನ ಸ್ಕ್ಯಾನಿಂಗಿಗೆ ಗಂಡ ಮಣಿಪಾಲಕ್ಕೆ ಕರೆದುಕೊಂಡು ಹೋದರು. ಆಸ್ಪತ್ರೆಯ ಔಷಧಿ ಅಂಗಡಿಯ ಸಾಲಿನಲ್ಲಿ ಅಪ್ಪ ನಿಂತಿದ್ದರು. ನನ್ನನ್ನು ಕಂಡವರೇ ಕಂಬದ ಹಿಂದೆ ಸರಿದರು. ನಾನು ಗಂಡನ ಕಡೆ ತಿರುಗಿದೆ. ಅವರು ನೆಲ ನೋಡುತ್ತಿದ್ದರು. ಅವರಿಗೂ ಗೊತ್ತಿತ್ತು.

ಮೂರು ವಾರದ ಹಿಂದೆ ಅಮ್ಮನಿಗೆ ಸ್ಟ್ರೋಕ್ ಆಗಿ ಬಲಗೈ ಬಲಗಾಲು ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ವಾರ್ಡಿಗೆ ಹೋದಾಗ ಮಂಚದ ಪಕ್ಕ ಕೂತಿದ್ದ ಚಿಕ್ಕಮ್ಮ ಎದ್ದು ನಿಂತರು. ಅಕ್ಕತಂಗಿಯರದು ಒಂದೇ ದನಿ ಎಂದು ನಾವು ಸಣ್ಣಂದಿನಿಂದ ತಮಾಷೆ ಮಾಡುತ್ತಿದ್ದೆವು.

"ನಿನಗೆ ಎಂತಾದರೂ ಆದರೆ ಅಂತ ಹೆದರಿಕೆ. ಎಲ್ಲರೂ ಸೇರಿಯೇ ಹೀಗೆ ಮಾಡಿದ್ದು" ಎಂದರು.

ಆ ದಿನ ಫೋನಿನಲ್ಲಿ ನಾನು ಹೇಳಿದ್ದನ್ನು ಯಾರಿಗಾದರೂ ಹೇಳಿದಿರಾ ಎಂದು ಕೇಳಿದೆ. ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ ಎಂದರು.

"ಅದು ನಿಮಗೆ ಹೇಳಿದ್ದಲ್ಲ ಚಿಕ್ಕಮ್ಮ."

ಅಮ್ಮ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ಬಿಡಲೇ ಇಲ್ಲ. ನಾನು ಯಾಕೆ ಬರುತ್ತಿಲ್ಲ ಎಂದು ಅವಳಿಗೆ ಏನು ಹೇಳಿದ್ದಿರಿ ಎಂದು ಅಪ್ಪನನ್ನು ಕೇಳಿದೆ. ನಾಳೆ ಬರುತ್ತಾಳೆ ಎಂದು ದಿನವೂ ಹೇಳುತ್ತಿದ್ದರಂತೆ. ಮೂರು ವಾರ ಅವಳು ಬಾಗಿಲು ನೋಡಿದ್ದಳು.

ಮಗಳಿಗೆ ಈಗ ಎರಡು ವರ್ಷ. ಅವಳ ಮುಖ ಕಂಡ ಗಳಿಗೆಯಿಂದ ನನಗೆ ಅವಳೇ ಜೀವ. ಅಮ್ಮ ಕೋಲು ಹಿಡಿದು ನಡೆಯುತ್ತಾಳೆ, ನಾಲ್ಕಾರು ಮಾತು ಮರಳಿವೆ. ನನ್ನ ಬಾಣಂತನ ಮಾಡಿದ್ದು ಚಿಕ್ಕಮ್ಮನೇ. ನಲವತ್ತು ದಿನ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿದರು. ನಮ್ಮನ್ನು ಉಳಿಸಿಕೊಳ್ಳಲೆಂದೇ ಎಲ್ಲರೂ ಸುಳ್ಳು ಹೇಳಿದರೆಂದು ನನಗೆ ಗೊತ್ತು. ಆದರೂ ಚಿಕ್ಕಮ್ಮ ಮಗಳನ್ನು ಎತ್ತಿಕೊಂಡಾಗಲೆಲ್ಲ, ಇವಳನ್ನು ನಾನು ಬೇಡವೆಂದದ್ದು ಇವರೊಬ್ಬರಿಗೇ ಗೊತ್ತು ಎಂಬುದು ನೆನಪಾಗಿ ಏನೋ ನೆಪ ಹೇಳಿ ಅವಳನ್ನು ಇಸಿದುಕೊಳ್ಳುತ್ತೇನೆ. ಅಮ್ಮನಿಗೆ ಆ ಮಾತನ್ನು ಇಂದಿಗೂ ಹೇಳಿಲ್ಲ.