ಅಡಗಿಮನಿಗೆ ಕೇಳುವ ಮಾತು

ಲ್ಯಾಪ್‌ಟಾಪಿನ ಮುಚ್ಚಳ ತೆಗೆದರೆ ನೀಲಗಿರಿ ಎಣ್ಣೆಯ ವಾಸನೆ ಬರುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಮನೆಯದರಲ್ಲಿ ಬರುತ್ತದೆ. ನನ್ನ ಹೆಂಡತಿ ಇಂದುಮತಿಗೆ ಮಣಿಕಟ್ಟಿನ ನೋವಿತ್ತು. ಸೀಸೆಯಿಂದ ಎರಡು ಹನಿ ಹಚ್ಚಿಕೊಂಡು, ಅದೇ ಕೈಯನ್ನು ಅಕ್ಷರದ ಗುಂಡಿಗಳ ಕೆಳಗಿನ ಸಪಾಟು ಜಾಗದಲ್ಲಿ ಊರಿ ಟೈಪ್ ಮಾಡುತ್ತಿದ್ದಳು. ನಾಲ್ಕೈದು ವರ್ಷಗಳಲ್ಲಿ ಎಣ್ಣೆ ಒಳಗಿಳಿದಿರಬೇಕು. ಅವಳು ಹೋಗಿ ಏಳು ತಿಂಗಳಾಗಿತ್ತು. ಒಂದು ಭಾನುವಾರ ಮುಂಜಾನೆ, ತಾರ್ನಾಕದ ನಮ್ಮ ಮೂರನೇ ಮಹಡಿಯ ಮನೆಯಲ್ಲಿ, ಮೊದಲ ಸಲ ನಾನಾಗಿ ಆ ಮುಚ್ಚಳ ತೆಗೆದೆ. ವಾಸನೆ ಬಂತು. ವೈಫೈ ಬರಲಿಲ್ಲ.

ನಾನು ಮೂವತ್ತೊಂದು ವರ್ಷ ಎಲೆಕ್ಟ್ರಾನಿಕ್ ಉಪಕರಣಗಳನ್ನು ಮಾಡುವ ಸರಕಾರಿ ಕಾರ್ಖಾನೆಯಲ್ಲಿ ದುಡಿದವನು. ಇದನ್ನು ಕೇಳಿದವರು ನನಗೆ ಯಂತ್ರಗಳ ಮರ್ಮ ಗೊತ್ತಿದೆ ಎಂದುಕೊಳ್ಳುತ್ತಾರೆ. ನಾನಿದ್ದದ್ದು ಸ್ಟೋರಿನಲ್ಲಿ. ಪೆಟ್ಟಿಗೆ ಬರುತ್ತಿತ್ತು, ಪೆಟ್ಟಿಗೆ ಹೋಗುತ್ತಿತ್ತು. ಒಳಗೇನಿದೆ ಎಂದು ತೆರೆದು ನೋಡಿದರೆ ಮೆಮೊ ಸಿಗುತ್ತಿತ್ತು. ಹೀಗಾಗಿ ನಮ್ಮ ಮನೆಯಲ್ಲಿ ಏನೇ ಕೆಟ್ಟರೂ ಇಂದುಮತಿಯೇ ನೋಡಬೇಕು. ನಾನು ಟಾರ್ಚು ಹಿಡಿಯುತ್ತಿದ್ದೆ. ಅದನ್ನೂ ನೆಟ್ಟಗೆ ಹಿಡಿಯುವುದಿಲ್ಲ ಎಂದು ಅನ್ನಿಸಿಕೊಳ್ಳುತ್ತಿದ್ದೆ.

ಅವಳು ಗದಗಿನ ಕಡೆಯವಳು, ನಾನು ಯಾದಗಿರಿ ಕಡೆಯವನು. ತೆಲುಗರ ಈ ಊರಿನ ಒಂದು ಶಾಲೆಯಲ್ಲಿ ಅವಳು ಕನ್ನಡ ಕಲಿಸುತ್ತಿದ್ದಳು. ನಿವೃತ್ತಿಯಾದ ಮೇಲೂ ಸುಮ್ಮನೆ ಕೂಡಲಿಲ್ಲ. ಭಾನುವಾರ ಹತ್ತು ಗಂಟೆಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಏಳೆಂಟು ಮಕ್ಕಳಿಗೆ ಪಾಠ ಶುರು ಮಾಡಿದಳು. ಮನೆಯಲ್ಲಿ ಕನ್ನಡ ಮಾತಾಡಿ, ಬಾಗಿಲು ದಾಟಿದ ಕೂಡಲೇ ತೆಲುಗು, ಹಿಂದಿಗೆ ಹೊರಳುವ ನಮ್ಮಂಥವರ ಮಕ್ಕಳು. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಒಂದು ಕಥೆ ಓದಿಸುವಳು, ಬರೆಸುವಳು, ತಿದ್ದುವಳು.

ತಿದ್ದುವುದರಲ್ಲಿ ಅವಳಿಗೆ ಮಕ್ಕಳು, ಗಂಡ ಎಂಬ ಭೇದವಿರಲಿಲ್ಲ. ಪ್ರಶ್ನೆಯ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕದಿದ್ದರೆ ಅರ್ಧ ಅಂಕ ಹೋಯಿತು ಎಂದೇ ಲೆಕ್ಕ. ನಾನು ಬರೆದಿಟ್ಟ ಸಾಮಾನಿನ ಚೀಟಿಯಲ್ಲಿ ‘ಬೆಲ್ಲ’ಕ್ಕೆ ಒತ್ತು ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ಗುಂಡು ಸುತ್ತಿ, ಅದೇ ಚೀಟಿ ಕೊಟ್ಟು ಅಂಗಡಿಗೆ ಕಳಿಸುವಳು. ಕಾರ್ಖಾನೆಯ ಸಹವಾಸದಿಂದ ನನ್ನ ಮಾತು ಕಲಬೆರಕೆಯಾಗಿತ್ತು. ಸುಮ್ಮಸುಮ್ಮನೆ ಎನ್ನಲು ‘ಖಾಲಿ ಪೀಲಿ’ ಅನ್ನುತ್ತಿದ್ದೆ, ಪರವಾಗಿಲ್ಲ ಎನ್ನಲು ‘ಪರವಾಲೇದು’ ಅನ್ನುತ್ತಿದ್ದೆ, ಚಹಾಕ್ಕೆ ‘ಚಾಯ್’ ಅನ್ನುತ್ತಿದ್ದೆ. “ಅರ್ಧ ಅವರದು, ಅರ್ಧ ನಮ್ಮದು ಮಾಡಬ್ಯಾಡ್ರಿ. ಒಂದು ಚಹಾ ಅನ್ರಿ, ಇಲ್ಲಾಂದ್ರ ಚಾ ಅನ್ರಿ” ಎಂದು ಎಷ್ಟು ಸಲ ಹೇಳಿದಳೋ. ನಾಲಗೆ ತಿರುಗಲಿಲ್ಲ.

ಲ್ಯಾಪ್‌ಟಾಪಿನ ಮಾತಿಗೆ ಬರುತ್ತೇನೆ. ಅದನ್ನು ಅವಳು ಎಂದೂ ಪೂರ್ತಿ ಆರಿಸುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ ಮುಚ್ಚಿಬಿಡುವಳು. ಅದು ಮಲಗುತ್ತಿತ್ತು. ಮತ್ತೆ ತೆರೆದಾಗ ಎಲ್ಲವೂ ಇದ್ದಲ್ಲೇ ಇರುತ್ತಿತ್ತು, ವೈಫೈ ಒಂದನ್ನು ಬಿಟ್ಟು. ಬಲಗಡೆ ಕೆಳಮೂಲೆಯಲ್ಲಿ ಬೀಸಣಿಗೆಯಂಥ ಗುರುತು ಕಾಣಬೇಕಲ್ಲ, ಅಲ್ಲೊಂದು ಭೂಗೋಳ ಕಾಣುತ್ತಿತ್ತು, ಅದರ ಮೇಲೊಂದು ಅಡ್ಡಗುರುತು. ನಾನಾಗಿದ್ದರೆ ಗುಂಡಿಗಳನ್ನು ಕುಟ್ಟುತ್ತಿದ್ದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಅಡುಗೆಮನೆಗೆ ಹೋಗಿಬಿಡುವಳು.

“ಎದ್ದ ಕೂಡ್ಲೇ ಯಾರ್ನೂ ಮಾತಾಡಸಬಾರದ್ರಿ. ತಾ ಎಲ್ಲಿ ಅದೀನಿ ಅಂತ ಅದಕ್ಕ ಮೊದಲ ತಿಳೀಲಿ. ನೀವೇನ್ ಕಡಿಮಿ?”

ಅದು ಅವರ ಅಜ್ಜಿಯ ಕಾಲದ ನೇಮವಂತೆ. ಮಲಗಿದವರನ್ನು ಎಬ್ಬಿಸಬೇಕು, ಆಮೇಲೆ ಅವರು ಮುಖ ತೊಳೆದುಕೊಳ್ಳುವವರೆಗೆ ಒಳ್ಳೆಯದೂ ಹೇಳಬಾರದು, ಕೆಟ್ಟದ್ದೂ ಹೇಳಬಾರದು. ನನ್ನ ವಿಷಯದಲ್ಲಿ ಇದನ್ನು ಮೂವತ್ತೆಂಟು ವರ್ಷ ಪಾಲಿಸಿದಳು. ಎದ್ದಾಗ ನನ್ನ ಮುಖ ಮೆಮೊ ಸಿಕ್ಕವನ ಮುಖದ ಹಾಗಿರುತ್ತಿತ್ತಂತೆ.

ಎರಡು ನಿಮಿಷ ಬಿಟ್ಟರೂ ಭೂಗೋಳ ಹೋಗದಿದ್ದರೆ ಅವಳ ಎರಡನೇ ಮದ್ದು ವಿಮಾನ. ವಿಮಾನದ ಚಿತ್ರವಿರುವ ಗುರುತನ್ನು ಒತ್ತಿದರೆ ಯಂತ್ರ ಹೊರಗಿನ ಎಲ್ಲ ಸಂಪರ್ಕವನ್ನೂ ಕಡಿದುಕೊಳ್ಳುತ್ತದೆ. ಮತ್ತೊಮ್ಮೆ ಒತ್ತಿದರೆ ಹೊಸದಾಗಿ ಹುಡುಕಲು ತೊಡಗುತ್ತದೆ. ಇಲ್ಲಿಯ ವಿಮಾನ ನಿಲ್ದಾಣವಿರುವುದು ಶಂಶಾಬಾದಿನಲ್ಲಿ. “ಶಂಶಾಬಾದಿಗೆ ಹೋಗಿ ಬಾರವಾ” ಎಂದು ಒತ್ತುವಳು, “ಬಂದೀ?” ಎಂದು ತೆಗೆಯುವಳು. ಬಹಳ ಸಲ ಅಷ್ಟಕ್ಕೇ ಬೀಸಣಿಗೆ ಬಿಚ್ಚಿಕೊಳ್ಳುತ್ತಿತ್ತು. ಅದಕ್ಕೂ ಬಗ್ಗದಿದ್ದರೆ ಮೂರನೆಯದು, ಅಡುಗೆಮನೆಯ ಬಾಗಿಲ ಮೇಲಿನ ಹಲಗೆಯಲ್ಲಿ ಕೂತ ವೈಫೈ ಡಬ್ಬಿ. ಅದನ್ನು ಆರಿಸಿ, ಮೂವತ್ತು ಎಣಿಸಿ ಹಚ್ಚಬೇಕು. ನಾನು ಎಣಿಸುತ್ತಿದ್ದೆ. ಅವಳು ಎಣ್ಣೆಗೆ ಸಾಸಿವೆ ಹಾಕಿ, ಸಿಡಿದು ಮುಗಿಯುವವರೆಗೆ ಕಾಯುತ್ತಿದ್ದಳು. ನನ್ನ ಮೂವತ್ತೂ ಅವಳ ಒಗ್ಗರಣೆಯೂ ಒಟ್ಟಿಗೇ ಮುಗಿಯುತ್ತಿದ್ದವು.

ಆ ಡಬ್ಬಿ ಬಂದ ದಿನ ಅದಕ್ಕೊಂದು ಹೆಸರು, ಒಂದು ಗುಪ್ತಪದ ಇಡಬೇಕಾಯಿತು. ಹೆಸರು ‘ಅಡಗಿಮನಿ’ ಎಂದು ಇಟ್ಟಳು. ಗುಪ್ತಪದ ಏನಿಟ್ಟೆ ಎಂದು ಪೇಪರಿನಿಂದ ತಲೆ ಎತ್ತದೆ ಕೇಳಿದೆ.

“ನಿಮಗ ಬರೂದಾ ಒಂದು ಮಾತು. ಅದನ್ನಾ ಇಟ್ಟೀನಿ” ಅಂದಳು.

ಇದು ನನ್ನ ಮೌನದ ಮೇಲಿನ ಹಳೆಯ ಚುಚ್ಚುಮಾತು ಎಂದುಕೊಂಡು ಮತ್ತೆ ಕೇಳಲಿಲ್ಲ. ನನ್ನದು ಬರೀ ಮಾತಾಡುವ ಹಳೆಯ ಫೋನು, ಅದಕ್ಕೆ ವೈಫೈಯ ಹಂಗಿಲ್ಲ. ಗೊತ್ತಿಟ್ಟುಕೊಂಡು ಮಾಡುವುದಾದರೂ ಏನಿತ್ತು?

ಅವಳು ಒಂದು ಮಂಗಳವಾರ ಮಧ್ಯಾಹ್ನ ಎದೆ ಹಿಡಿದ ಹಾಗಾಗುತ್ತದೆ ಎಂದಳು. ಗುರುವಾರ ನಾನೊಬ್ಬನೇ ಮನೆಗೆ ಬಂದೆ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದ್ದು ಹಾಕಿದ ಹಾಗೇ ಊಟದ ಮೇಜಿನ ಮೇಲಿತ್ತು. ಅದರ ಅಂಚಿನಲ್ಲಿ ಒಂದು ಸಣ್ಣ ದೀಪ ನಿಧಾನ ಬೆಳಗಿ ನಿಧಾನ ಆರುತ್ತಿತ್ತು, ಮಲಗಿದವರು ಉಸಿರಾಡಿದ ಹಾಗೆ. ನಾನು ಅದರ ಸುತ್ತ ಧೂಳು ಒರೆಸುತ್ತಿದ್ದೆ. ಅದನ್ನು ಮುಟ್ಟುತ್ತಿರಲಿಲ್ಲ, ವೈರನ್ನೂ ತೆಗೆಯುತ್ತಿರಲಿಲ್ಲ. ಏಳು ತಿಂಗಳು ಹಾಗೇ ಊಟ ಮಾಡಿದೆ.

ಆಮೇಲೆ ಶಂಶಾಬಾದಿನಿಂದ ರೇಖಾ ಫೋನ್ ಮಾಡಿದಳು. ಅವಳ ಗಂಡನಿಗೆ ವಿಮಾನ ನಿಲ್ದಾಣದಲ್ಲಿ ಕೆಲಸ, ಮಗಳು ನಮ್ಮ ಭಾನುವಾರದ ಪಾಠದವಳು. ಮಕ್ಕಳು ಕಲಿತ ಅಕ್ಷರ ಮರೆಯುತ್ತಿದ್ದಾರೆ, ಹೊಸಬರನ್ನು ಹುಡುಕಲು ಯಾರಿಗೂ ಮನಸ್ಸಿಲ್ಲ ಎಂದು ಸುತ್ತುಬಳಸಿ ಹೇಳಿ, ಕೊನೆಗೆ ಮಾತಿಗೆ ಬಂದಳು. “ಕಾಕಾರ, ನೀವು ಕಲಸಬ್ಯಾಡ್ರಿ. ಬಾಯಾರು ಗುರುತು ಹಾಕಿಟ್ಟ ಕಥಿ ಇರ್ತಾವಲ್ರಿ, ಒಂದ್ ಓದ್ರಿ ಸಾಕು.” ಬಾಯಾರು ಎಂದರೆ ಇಂದುಮತಿ. ಆಗಲಿ ಎಂದೆ. ಯಾಕೆ ಎಂದೆನೋ ಗೊತ್ತಿಲ್ಲ.

ಹಾಗಾಗಿ ಆ ಭಾನುವಾರ ಒಂಬತ್ತಕ್ಕೇ ಕೂತೆ. ಮೊದಲು ಎರಡು ನಿಮಿಷ ಮಾತಾಡಿಸದೆ ಬಿಟ್ಟೆ. ಏಳು ತಿಂಗಳ ನಿದ್ದೆಯಲ್ಲವೇ, ಇನ್ನೂ ಎರಡು ನಿಮಿಷ ಕೊಟ್ಟೆ. ಶಂಶಾಬಾದಿಗೆ ಕಳಿಸಿ ಕರೆಸಿಕೊಂಡೆ. ಸ್ಟೂಲು ಹತ್ತಿ ಡಬ್ಬಿ ಆರಿಸಿ ಮೂವತ್ತು ಎಣಿಸಿದೆ. ಒಗ್ಗರಣೆಯಿಲ್ಲದೆ ಮೂವತ್ತು ಬಹಳ ಉದ್ದವಾಗಿತ್ತು. ಅಡ್ಡಗುರುತು ಹೋಗಲಿಲ್ಲ. ಹಿಮಾಯತ್‌ನಗರದಲ್ಲಿ ಸಲೀಂ ಎಂಬವರ ರಿಪೇರಿ ಅಂಗಡಿಯಿದೆ. ಇಂದುಮತಿ ಒಮ್ಮೆ ಅವರಿಂದ ಬ್ಯಾಟರಿ ಹಾಕಿಸಿದ್ದಳು. ಅವರಿಗೆ ಫೋನ್ ಮಾಡಿದೆ. ನಿದ್ದೆ ಮಾಡುವಾಗ ಯಂತ್ರ ಕರೆಂಟು ಉಳಿಸಲೆಂದು ವೈಫೈಯನ್ನೂ ಮಲಗಿಸುತ್ತದೆ, ಎದ್ದಾಗ ಅದನ್ನು ಎಬ್ಬಿಸಲು ಮರೆಯುತ್ತದೆ, ಸೋಮವಾರ ತಾವೇ ಬಂದು ಸೆಟ್ಟಿಂಗಿನಲ್ಲಿರುವ ಒಂದು ಟಿಕ್ಕು ತೆಗೆದರೆ ಮುಗಿಯಿತು ಎಂದರು. ಇವತ್ತಿನ ಮಟ್ಟಿಗೆ ಆ ನೆಟ್‌ವರ್ಕನ್ನು ಮರೆಯುವ ಗುಂಡಿ ಒತ್ತಿ, ಹೊಸದಾಗಿ ಜೋಡಿಸಿ ಎಂದು ಎಲ್ಲಿ ಏನೊತ್ತಬೇಕೆಂದು ಹೇಳಿಕೊಟ್ಟರು. “ಪಾಸ್‌ವರ್ಡ್ ಯಾದ್ ಹೈ ನಾ, ಅಂಕಲ್?”

“ಹೌ” ಎಂದೆ. ಸ್ವಂತ ಮನೆಯ ಗುಪ್ತಪದ ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ನಾಚಿಕೆಯಿಂದಲೇ ಗುಂಡಿಯನ್ನೂ ಒತ್ತಿದೆ.

ಪಟ್ಟಿಯಲ್ಲಿ ‘ಅಡಗಿಮನಿ’ ಹೊಸಬರ ಮನೆಯ ಹೆಸರಿನಂತೆ ಕಾಣಿಸಿತು. ಕೆಳಗೆ ಒಂದು ಖಾಲಿ ಚೌಕ. ಆಗ ನಾನು ಏನು ಮಾಡಿದೆನೆಂದು ತಿಳಿಯಿತು. ಅವಳಿಟ್ಟ ಮಾತನ್ನು ಜೋಪಾನವಾಗಿ ಇಟ್ಟುಕೊಂಡಿದ್ದದ್ದು ಈ ಯಂತ್ರವೊಂದೇ. ಅವಳ ಫೋನು ಅವಳ ಹೆಬ್ಬೆರಳಿಗೆ ಮಾತ್ರ ತೆರೆಯುತ್ತಿತ್ತು. ಇನ್ನು ಸೋಮವಾರ ಸಲೀಂ ಬಂದು ಡಬ್ಬಿಯಲ್ಲಿದ್ದುದನ್ನೆಲ್ಲ ಅಳಿಸಿ, ಬೇರೆ ಹೆಸರು, ಬೇರೆ ಮಾತು ಹಾಕುತ್ತಾರೆ. ನನಗಾಗಿ ಅವಳು ಇಟ್ಟಿದ್ದ ಒಂದು ಮಾತು ಏನೆಂದು ತಿಳಿಯುವ ಮೊದಲೇ ಅಳಿಸಿಹೋಗುತ್ತದೆ.

ಅವಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುತ್ತಿದ್ದಳು. ನಾನೂ ಹಾಗೇ ತೊಡಗಿದೆ. ಅವಳ ಹೆಸರು ಹಾಕಿದೆ. ನನ್ನ ಹೆಸರು, ಗದಗ, ಯಾದಗಿರಿ, ಮನೆದೇವರು, ಮದುವೆಯ ತಾರೀಖು. ತಾರೀಖು ನನಗೆ ನೆನಪಿದ್ದದ್ದನ್ನು ಕಂಡು ನನಗೇ ಆಶ್ಚರ್ಯವಾಯಿತು. ಯಾವುದೂ ಹೊಂದಲಿಲ್ಲ. ಹತ್ತಕ್ಕೆ ಇಪ್ಪತ್ತು ನಿಮಿಷವಿತ್ತು. ಕುರ್ಚಿಗೆ ಒರಗಿ ಕೂತೆ. ಆ ಕುರ್ಚಿಯಲ್ಲಿ ಕೂತರೆ ಎದುರಿಗೆ ಅಡುಗೆಮನೆಯ ಬಾಗಿಲು. ದಿನಾ ಮುಂಜಾನೆ ಎದ್ದು, ಮುಖ ಗಂಟಿಕ್ಕಿಕೊಂಡು ಬಂದು ನಾನು ಕೂರುತ್ತಿದ್ದ ಜಾಗವೇ ಅದು. ತೆರೆಯ ಮೇಲೆ ‘ಅಡಗಿಮನಿ’, ಅದರ ಕೆಳಗೆ ಖಾಲಿ ಚೌಕ. ಇಲ್ಲಿ ಕೂತು ಅಡುಗೆಮನೆಗೆ ನಾನು ಮೂವತ್ತೆಂಟು ವರ್ಷ ಕೇಳಿದ್ದು ಒಂದೇ ಮಾತು. ಚಹಾ ಆಯಿತೇ ಎಂದು.

ಏಳು ತಿಂಗಳಿಂದ ಆ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಯಾರನ್ನು ಕೇಳುವುದು?

ಕನ್ನಡ ಕಲಿಸಿದವಳಲ್ಲವೇ, ಶುದ್ಧವಾಗಿ ಇಟ್ಟಿರುತ್ತಾಳೆ ಎಂದು ‘ಚಹಾ ಆಯಿತೇ’ ಹಾಕಿದೆ. ಇಲ್ಲ. ‘ಚಹಾ ಆತೇನು’. ಇಲ್ಲ. ‘ಚಾ ಆತೇನು’. ಅದೂ ಇಲ್ಲ. ಉಳಿದದ್ದು ನಾನು ನಿಜವಾಗಿ ಕೇಳುತ್ತಿದ್ದ ರೀತಿ, ಅರ್ಧ ಅವರದು ಅರ್ಧ ನಮ್ಮದು. ಅದನ್ನು ಅವಳು ಇಡುವುದು ಸಾಧ್ಯವೇ ಇಲ್ಲ ಎಂದುಕೊಳ್ಳುತ್ತಲೇ, ಈ ಊರಿನ ಅಂಗಡಿ ಬೋರ್ಡುಗಳ ಮೇಲೆ ಇರುವ ಹಾಗೆ ಸಿ, ಎಚ್, ಎ, ಐ ಎಂದು ಶುರುಮಾಡಿ ‘ಚಾಯ್ ಆತೇನ’ ಎಂದು ಟೈಪ್ ಮಾಡಿದೆ.

ಇಲ್ಲ ಎಂದಿತು.

ಆಮೇಲೆ ಅರ್ಧ ಅಂಕ ನೆನಪಾಯಿತು. ಮತ್ತೆ ಅದನ್ನೇ ಟೈಪ್ ಮಾಡಿ, ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಬೀಸಣಿಗೆ ಬಿಚ್ಚಿಕೊಂಡಿತು.

ಊರಿಗೆಲ್ಲ ಕೆಂಪು ಪೆನ್ನು ಹಿಡಿದವಳು ನನ್ನ ಈ ಒಂದು ತಪ್ಪನ್ನು ತಿದ್ದದೆ, ಇದ್ದ ಹಾಗೇ ಇಟ್ಟುಕೊಂಡಿದ್ದಳು. ಚಿಹ್ನೆಯೊಂದನ್ನು ಮಾತ್ರ ಬಿಡಲಾಗಲಿಲ್ಲ, ಹಾಕಿದ್ದಳು. ಕನ್ನಡಕ ಒರೆಸಿಕೊಂಡೆ. ಇನ್ನೂ ಐದಾರು ನಿಮಿಷವಿತ್ತು, ಅದು ಒಳ್ಳೆಯದಾಯಿತು.

ಮಕ್ಕಳು ಒಬ್ಬೊಬ್ಬರಾಗಿ ಚೌಕಗಳಲ್ಲಿ ಮೂಡಿದರು. ನಾನು ಕಥೆ ಓದಿದೆ, ಸ್ಟೋರಿನಲ್ಲಿ ಸಾಮಾನಿನ ಪಟ್ಟಿ ಓದುತ್ತಿದ್ದ ಹಾಗೆ. ಎರಡನೇ ಪುಟದಲ್ಲಿ ರೇಖಾಳ ಮಗಳು ಕೈ ಎತ್ತಿದಳು. “ಅಜ್ಜಾರ, ಅಲ್ಲಿ ಪ್ರಶ್ನಿ ಐತ್ರಿ. ದನಿ ಏರಸಬೇಕ್ರಿ.” ಮತ್ತೊಮ್ಮೆ ಓದಿದೆ, ದನಿ ಏರಿಸಿ. ಆಯಿತೇ ಎಂದು ಅವಳನ್ನೇ ಕೇಳಿದೆ. ಪರವಾಲೇದು ಎಂದಳು.

ಗುಪ್ತಪದವನ್ನು ಹೀಗೆ ಬಯಲು ಮಾಡಬಾರದು ಎಂದು ಸಲೀಂ ಹೇಳುತ್ತಾರೆ. ಮಾಡಿದ್ದೇನೆ. ಅದನ್ನು ಬಳಸಬೇಕಾದರೆ ನೀವು ನಮ್ಮ ಮೂರನೇ ಮಹಡಿಗೆ ಬರಬೇಕಾಗುತ್ತದೆ. ಬಂದರೆ ಚಹಾ ಕುಡಿದೇ ಹೋಗಬೇಕಾಗುತ್ತದೆ, ಮತ್ತು ಅದು ನಾನು ಮಾಡಿದ ಚಹಾ ಎಂಬುದನ್ನು ಮೊದಲೇ ತಿಳಿಸಿರುತ್ತೇನೆ. ಸಲೀಂ ಆ ಸೋಮವಾರ ಬಂದು ಟಿಕ್ಕು ತೆಗೆದುಹೋದರು. ಈಗ ಮುಚ್ಚಳ ತೆಗೆದರೆ ವೈಫೈ ತಾನೇ ಎಚ್ಚರವಾಗುತ್ತದೆ, ಯಾರೂ ಏನೂ ಮಾಡಬೇಕಾಗಿಲ್ಲ.

ಆದರೂ ಭಾನುವಾರ ಮುಂಜಾನೆ ಎದ್ದವನೇ ನಾನು ಆ ಕುರ್ಚಿಯಲ್ಲಿ ಕೂತು, ಮರೆಯುವ ಗುಂಡಿಯನ್ನು ಬೇಕೆಂದೇ ಒತ್ತುತ್ತೇನೆ. ಅಡಗಿಮನಿ ಖಾಲಿ ಚೌಕ ತೋರಿಸುತ್ತದೆ. ನನಗೆ ಬರುವ ಒಂದು ಮಾತನ್ನು ಅದರಲ್ಲಿ ಕೇಳುತ್ತೇನೆ, ಚಿಹ್ನೆ ಹಾಕುತ್ತೇನೆ. “ಆತು, ಮಾರಿ ತೊಕ್ಕೊಂಡ್ ಬರ್ರಿ” ಎಂದು ಅವಳು ಒಳಗಿನಿಂದ ಹೇಳುತ್ತಿದ್ದಳು. ಬೀಸಣಿಗೆ ಬಿಚ್ಚಿಕೊಂಡ ಮೇಲೆ ಎದ್ದು ಹೋಗಿ ಮುಖ ತೊಳೆದುಕೊಳ್ಳುತ್ತೇನೆ.