ಕೈ ಕಟ್ಟಿ ನಿಲ್ಲಿಸಿದ ಮೆಕ್ಯಾನಿಕ್ ಭಾಯಿ

ನಮ್ಮ ಫಾರಂನಲ್ಲಿ ಹಾಲು ಕರೆಯುವ ಯಂತ್ರ ಕೂರಿಸಿದ ಮೆಕ್ಯಾನಿಕ್ ಭಾಯಿ ಮೊದಲು ದೊಡ್ಡಬಳ್ಳಾಪುರದಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವರು. ಮೇಯುವ ಹಸುಗಳು ತಾವಾಗೇ ಬಂದು ಗೇಟಿನೊಳಗೆ ನಿಂತರೆ ಯಂತ್ರವೇ ಹಾಲು ಕರೆಯುತ್ತಿತ್ತು. ನಾವು ಆಳುಗಳು ಹಸುವನ್ನು ತಳ್ಳಲು ಹೋದರೆ ಭಾಯಿ ಸ್ಪ್ಯಾನರನ್ನು ಬೆನ್ನ ಹಿಂದೆ ಹಿಡಿದು, "ಕೈ ಕಟ್ಕೊಂಡ್ ನಿಂತ್ಕೊ ಗುರು," ಎನ್ನುತ್ತಿದ್ದರು.

ಬೇರೆ ಹಸುಗಳೆಲ್ಲ ಕಲಿತವು. ನಾನು ಕರುವಾಗಿದ್ದಾಗಿನಿಂದ ಸಾಕಿದ ಗೌರಿ ಮಾತ್ರ ಬೇಲಿ ಹತ್ತಿರ ನನ್ನನ್ನೇ ಕಾಯುತ್ತಿದ್ದಳು.

"ಇವತ್ತೂ ಒಳಗೆ ಹೋಗ್ಲಿಲ್ಲ ಅಂದ್ರೆ ಮಾರ್ಬಿಡ್ತೀನಿ," ಎಂದರು ಯಜಮಾನರು.

ನಾನು ಅವಳ ಕೊರಳ ಹಗ್ಗಕ್ಕೆ ಕೈ ಹಾಕಿದೆ. ಭಾಯಿ ತಡೆದರು. "ನೀನ್ ಎಳೆದ್ರೆ ನಿನ್ ಹಿಂದೆ ಬರುತ್ತೆ ಅಷ್ಟೇ. ಕೈ ಕಟ್ಕೊಂಡ್ ನಿಂತ್ಕೊ."

ಆರನೇ ಕ್ಲಾಸಿಗೆ ಶಾಲೆ ಬಿಟ್ಟಾಗಿನಿಂದ ದುಡಿದ ಕೈ ನನ್ನದು. ಅದನ್ನು ಕಟ್ಟಿ ನಿಲ್ಲುವಷ್ಟು ಕಷ್ಟದ ಕೆಲಸ ಎಂದೂ ಮಾಡಿರಲಿಲ್ಲ. ಗೌರಿ ನನ್ನನ್ನು ನೋಡಿ ಅಂಬಾ ಎಂದಳು. ನಾನು ಅಲುಗಲಿಲ್ಲ. ಕೊನೆಗೆ ಕೆಚ್ಚಲು ಭಾರವಾಗಿ, ನನ್ನನ್ನು ದಾಟಿಕೊಂಡು ಒಳಗೆ ನಡೆದಳು.

ಭಾಯಿ ಸ್ಪ್ಯಾನರನ್ನು ಮುಂದಕ್ಕೆ ತಂದು, ಅದಕ್ಕೆ ಹತ್ತಿದ್ದ ತಮ್ಮ ಅಂಗೈ ಬೆವರು ಒರೆಸಿದರು. "ನೋಡಪ್ಪಾ, ನಿನ್ ಕಡೆ ತಿರುಗೂ ನೋಡ್ಲಿಲ್ಲ!"

ನಾನು ಕಟ್ಟಿದ ಕೈ ಬಿಚ್ಚುವುದನ್ನೇ ಮರೆತು, "ನಾನ್ ಸಾಕಿರೋ ಹಸು ಭಾಯಿ, ಇನ್ನೆಂಗಿರ್ತಾಳೆ!" ಎಂದೆ.