ಸ್ಟೆಪ್ನಿಯ ಮೇಲೊಂದು ಅಂಗೈಯಗಲ

ಗ್ಯಾರೇಜಿನಲ್ಲಿ ಎಲ್ಲರೂ ಅವನನ್ನು ಗುಂಡಿಯಣ್ಣ ಎಂದೇ ಕರೆಯುತ್ತಿದ್ದರು. ಲಾರಿ ನಿಲ್ಲಿಸುವ ಉದ್ದನೆಯ ಗುಂಡಿಗೆ ಇಳಿದು, ತಲೆಯ ಮೇಲಿನ ಚಾಸಿಸ್‌ನ ತುಕ್ಕು ತೆಗೆದು ಬಣ್ಣ ಬಳಿಯುವುದು ಅವನ ಕೆಲಸ. ಡ್ರೈವರುಗಳು ಗುಂಡಿಯೊಳಕ್ಕೆ ಒಂದು ಮಾತು ಎಸೆದು ಚಹಾ ಕುಡಿಯಲು ಹೋಗಿಬಿಡುತ್ತಿದ್ದರು. ಅವರ ಮುಖಕ್ಕಿಂತ ಚಪ್ಪಲಿಗಳೇ ಅವನಿಗೆ ಹೆಚ್ಚು ಪರಿಚಯ.

ಕೆಲಸದ ವಿಷಯದಲ್ಲಿ ಅವನು ಯಾರ ಮುಲಾಜಿಗೂ ಬೀಳುವವನಲ್ಲ. ಮೊದಲು ತೊಳೆದು ಪೂರ್ತಿ ಒಣಗಿಸಬೇಕು. ವೈರ್ ಬ್ರಷ್ಷಿನಿಂದ ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಉಜ್ಜಬೇಕು. ಥಿನ್ನರಿನಲ್ಲಿ ಒರೆಸಿ ಪ್ರೈಮರ್, ಅದು ಒಣಗಿದ ಮೇಲೆ ಕಪ್ಪು ಕೋಟಿಂಗ್. ನೀರು ಇಳಿದುಹೋಗುವ ತೂತುಗಳನ್ನು ಮಾತ್ರ ಮುಚ್ಚಕೂಡದು. ತುಕ್ಕಿನ ಮೇಲೆಯೇ ಬಣ್ಣ ಬಳಿದು ಕೈತೊಳೆದುಕೊಳ್ಳುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. "ಮೇಲೆ ಥಳುಕು, ಒಳಗೆ ಹುಳುಕು," ಎಂದು ಗೊಣಗುತ್ತಿದ್ದ. ಅದನ್ನು ಕೇಳಲು ಗುಂಡಿಯಲ್ಲಿ ಇನ್ಯಾರೂ ಇರುತ್ತಿರಲಿಲ್ಲ.

ಸಂಜೆ ಗ್ಯಾರೇಜಿನ ಹಿಂದಿನ ಕೋಣೆಗೆ ಹೋದರೆ ಒಂದು ಮಂಚ, ಒಂದು ತಟ್ಟೆ. ಅಕ್ಕ ಇದ್ದಷ್ಟು ದಿನ ಅವನಿಗೆ ಹೆಣ್ಣು ಹುಡುಕಿದಳು. ಅವಳು ಹೋದ ಮೇಲೆ ಅವನ ಚಿಂತೆ ಹಚ್ಚಿಕೊಳ್ಳುವವರೂ ಇಲ್ಲವಾದರು. ಲೋಟ ಮಾತ್ರ ಎರಡಿದ್ದವು. ಎರಡನೆಯದನ್ನು ತೊಳೆಯುತ್ತಿದ್ದುದು ವರ್ಷಕ್ಕೊಮ್ಮೆ, ಉಪ್ಪಿನ ಲಾರಿಯವನು ಬರುವ ಹೊತ್ತಿಗೆ.

ಉಪ್ಪಿನ ಮೂಟೆ ಸಾಗಿಸುವ ಈ ಡ್ರೈವರ್ ಮಳೆಗಾಲಕ್ಕೆ ಮುಂಚೆ ಬರುತ್ತಿದ್ದ. ಬಂದರೆ ಎಲ್ಲಿಗೂ ಹೋಗುತ್ತಿರಲಿಲ್ಲ. ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಕೆಲಸ ಮುಗಿಯುವವರೆಗೆ ಊರ ಸುದ್ದಿಯೆಲ್ಲ ಹರಟುತ್ತಿದ್ದ.

"ಉಪ್ಪು ತಿಂದವ ನೀರು ಕುಡೀಲೇಬೇಕು ಕಣಣ್ಣ. ಪ್ರತಿ ಲೋಡ್ ಆದ್ಮೇಲೆ ತಳ ತೊಳಿ ಅಂದ್ರೆ ಕೇಳಲ್ಲ ನೀನು," ಎಂದು ಗುಂಡಿಯಣ್ಣ ಕೆಳಗಿನಿಂದ ಬೈಯುವನು.

"ತೊಳೆದ್ರೆ ನಿಂಗೆ ಕೆಲಸ ಎಲ್ಲಿಂದ ಬರುತ್ತೆ ತಮ್ಮಾ? ಅದಿರಲಿ, ಒಂದ್ಸಲ ಮನೆ ಕಡೆ ಬಾ."

"ಬರ್ತೀನಿ, ಬರ್ತೀನಿ."

ಹೋಗುತ್ತಿರಲಿಲ್ಲ. ಸಂಸಾರವಂದಿಗರ ಮನೆಯಲ್ಲಿ ತನಗೇನು ಕೆಲಸ ಎಂಬ ಸಂಕೋಚ.

ಒಂದು ವರ್ಷ ಹಿಂದಿನ ಸಲದ ಕೋಟಿಂಗ್ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, "ಇನ್ನು ಎರಡು ಮೂರು ವರ್ಷ ನಾನು ಈ ಕಡೆ ತಲೆ ಹಾಕೋದೇ ಬೇಡ ಬಿಡು," ಎಂದು ಡ್ರೈವರ್ ನಕ್ಕ. ಗುಂಡಿಯಣ್ಣ ನಗಲಿಲ್ಲ. ಅಂದು ತಳಕ್ಕೆ ತೂಗುಹಾಕಿದ ಸ್ಟೆಪ್ನಿ ಟೈರಿನ ಮೇಲಿನ ಚಾಸಿಸ್‌ನಲ್ಲಿ, ಯಾರೂ ಬಗ್ಗಿ ನೋಡದ ಕಡೆ, ಅಂಗೈಯಗಲ ಜಾಗವನ್ನು ಉಜ್ಜಿ, ಬಳಿಯದೆ ಬಿಟ್ಟ. ಕಳ್ಳತನ ಮಾಡಿದವನ ಹಾಗೆ ಬೇಗ ಬೇಗ ಬ್ರಷ್ಷು ತೊಳೆದಿಟ್ಟ. ಮುಂದಿನ ವರ್ಷ ಅಲ್ಲಿ ತುಕ್ಕು ಬಂತು, ಹಿಂದೆಯೇ ಡ್ರೈವರೂ ಬಂದ. ಗುಂಡಿಯಣ್ಣ ಆ ತುಕ್ಕನ್ನು ಉಜ್ಜಿ ತೆಗೆದು, ಮತ್ತೆ ಬರಿದಾಗಿಯೇ ಬಿಟ್ಟ. ಅಲ್ಲಿಂದ ಅದೇ ಪದ್ಧತಿಯಾಯಿತು.

ಈ ಸಲ ಮೋಡ ಕಟ್ಟಿದರೂ ಲಾರಿ ಬರಲಿಲ್ಲ. ಗುಂಡಿಯಣ್ಣ ಎರಡನೆಯ ಲೋಟವನ್ನು ತೊಳೆದಿಟ್ಟ, ಧೂಳು ಕೂತಿತೆಂದು ಮತ್ತೆ ತೊಳೆದ. ಕೊನೆಗೆ ಒಂದು ಮಧ್ಯಾಹ್ನ ಅದೇ ಲಾರಿ ಗುಂಡಿಯ ಮೇಲೆ ಬಂದು ನಿಂತಿತು. ಇಳಿದ ಕಾಲುಗಳು ಮಾತ್ರ ಆ ಡ್ರೈವರನವಲ್ಲ, ಯಾರೋ ಹುಡುಗಿಯವು.

"ನಮಸ್ಕಾರ ಚಿಕ್ಕಪ್ಪಾ. ಉಪ್ಪಿನ ಲಾರಿಯವರ ಮಗಳು ನಾನು. ಅಪ್ಪಂಗೆ ಕಣ್ಣು ಮಂಜಾಗಿದೆ. ಇನ್ಮೇಲೆ ಗಾಡಿ ನಾನೇ ಓಡಿಸೋದು."

ಅವನನ್ನು ಯಾರೂ ಚಿಕ್ಕಪ್ಪ ಎಂದು ಕರೆದದ್ದಿರಲಿಲ್ಲ. ಬ್ರಷ್ಷು ಹಿಡಿದು ಕೆಲಸಕ್ಕಿಳಿದ. ಹುಡುಗಿ ಅಪ್ಪನ ಹಾಗೆಯೇ ಅಂಚಿನಲ್ಲಿ ಕೂತಳು.

"ಕೇಳ್ಬೇಡ ಅಂದಿದ್ರು ಅಪ್ಪ, ಆದ್ರೆ ತಡೆಯೋಕಾಗ್ತಿಲ್ಲ. ಆ ಸ್ಟೆಪ್ನಿ ಮೇಲೆ ನೀವು ಬೇಕಂತ್ಲೇ ಜಾಗ ಬಿಡ್ತೀರಂತೆ, ನಿಜಾನಾ?"

ಉಜ್ಜುತ್ತಿದ್ದ ಕೈ ನಿಂತಿತು. "ನಿಮ್ಮಪ್ಪಂಗೆ ಗೊತ್ತಾ?"

"ಮೊದಲ್ನೇ ವರ್ಷದಿಂದ್ಲೂ ಗೊತ್ತು. 'ಬಾ ಅಂತ ಬಾಯಿಬಿಟ್ಟು ಹೇಳೋಕೆ ಅವನಿಗೆ ಬರಲ್ಲ, ಅದ್ಕೇ ಹಂಗೆ ಮಾಡ್ತಾನೆ. ನೀನು ಸುಮ್ನೆ ವರ್ಷಾ ವರ್ಷಾ ಹೋಗ್ತಿರು' ಅಂದ್ರು." ಆಮೇಲೆ ಮೆಲ್ಲಗೆ ಸೇರಿಸಿದಳು: "ಅಪ್ಪ ಸಂಜೆ ಹೊತ್ತು ಜಗಲಿ ಮೇಲೆ ಒಬ್ರೇ ಕೂತಿರ್ತಾರೆ. ನೀವೊಂದು ದಿನ ಬರ್ತೀರಿ ಅಂತಾನೇ ಇರ್ತಾರೆ."

ಗುಂಡಿಯಣ್ಣನಿಗೆ ನಾಚಿಕೆಯಾಯಿತು. ಇಷ್ಟು ವರ್ಷ ತಾನೊಬ್ಬನೇ ಕಾಯುತ್ತಿದ್ದೇನೆ ಎಂದುಕೊಂಡಿದ್ದ.

ಆ ಅಂಗೈಯಗಲವನ್ನು ಬೆಳ್ಳಗಾಗುವವರೆಗೆ ಉಜ್ಜಿದ. ಪ್ರೈಮರ್ ಹಚ್ಚಿ ಒಣಗಲು ಬಿಟ್ಟ. ಆಮೇಲೆ ಕಪ್ಪು ಕೋಟಿಂಗನ್ನು ಒಂದಿಷ್ಟೂ ಬಿಡದಂತೆ ಬಳಿದ.

"ಉಪ್ಪು ಇಳಿಸಿದ ದಿನಾನೇ ತಳ ತೊಳಿಯಮ್ಮ. ಮುಂದಿನ ವರ್ಷ ಬರ್ಬೇಕಾಗಿಲ್ಲ."

ಹುಡುಗಿಯ ಮುಖ ಸಪ್ಪಗಾಯಿತು. ಅವನು ಸೀಮೆಎಣ್ಣೆಯಲ್ಲಿ ಕೈ ತೊಳೆದ, ಅಂಗಿ ಬದಲಿಸಿದ, ಕೋಣೆಗೆ ಬೀಗ ಹಾಕಿ ಬಂದು ಕ್ಯಾಬಿನ್ನಿನ ಬಾಗಿಲ ಹತ್ತಿರ ನಿಂತ.

"ನಿನ್ನ ಪಕ್ಕದ ಸೀಟು ಖಾಲಿ ಇದೆಯೇನಮ್ಮಾ?"

ಆಯುಷ್ಯವೆಲ್ಲ ಲಾರಿಯ ಕೆಳಗೇ ಕಳೆದವನಿಗೆ ಮೆಟ್ಟಿಲು ಎಲ್ಲಿದೆಯೆಂದು ಆ ಹುಡುಗಿಯೇ ತೋರಿಸಬೇಕಾಯಿತು.